ಹೊಸ ಕೆರೆ, ಹಳೆಯ ಹಕ್ಕಿ

2025ರ ಅಕ್ಟೋಬರ್ ತಿಂಗಳ ಒಂದು ಬೆಳಗು. ಮಳೆ ಹಿಂದೆ ಸರಿದಿತ್ತು. ಅತ್ತಿವೇರಿಯ ಜಲಾಶಯ ತುಂಬಿ ನಿಂತಿತ್ತು. ಏರಿಯ ಮೇಲೆ ಕುಳಿತು, ತೊಡೆಯ ಮೇಲೊಂದು ನೋಟುಪುಸ್ತಕವನ್ನಿಟ್ಟುಕೊಂಡು, ನಾನು ನೀರುಕಾಗೆಗಳನ್ನು ಎಣಿಸುತ್ತಿದ್ದೆ. ಎಣಿಕೆ ಹದಿನೇಳಕ್ಕೆ ಬಂದಿರುವಾಗ, ಹುಬ್ಬಳ್ಳಿಯಿಂದ ಬಂದಿದ್ದ ತಂಗಿಯ ಮಗ ಬಳಿಗೆ ಬಂದು, “ಮಾವ, ನಿಮ್ಮ ಮೊಬೈಲ್ ಇತ್ತ ಕೊಡಿ. ಹೊಸದೊಂದು ಬಂದಿದೆ, ನಿಮ್ಮನ್ನೂ ಸೇರಿಸಿಬಿಡುತ್ತೇನೆ” ಎಂದನು. ಅವನ ದನಿಗೆ ನೀರುಕಾಗೆಗಳು ಹಾರಿಹೋದವು. ಅವುಗಳ ಜೊತೆಗೆ ನನ್ನ ಎಣಿಕೆಯೂ ಹೋಯಿತು.

ಹೊಸದರ ಹೆಸರು ‘ಅರಟ್ಟೈ’. ತಮಿಳಿನಲ್ಲಿ ಹಾಗೆಂದರೆ ಬೇರೇನೂ ಅಲ್ಲ, ನಮ್ಮ ಹರಟೆಯೇ. ಜೋಹೋ ಸಂಸ್ಥೆಯವರು 2021ರ ಜನವರಿಯಲ್ಲಿಯೇ ಇದನ್ನು ಹೊರತಂದಿದ್ದರೂ ನಾಲ್ಕು ವರ್ಷ ಜನ ಅದರತ್ತ ಅಷ್ಟಾಗಿ ತಿರುಗಿ ನೋಡಿರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಸ್ವದೇಶಿಯ ಮಾತು ಎದ್ದು, ಕೇಂದ್ರದ ಸಚಿವರೇ ಬಳಸಿರೆಂದು ಕರೆಯಿತ್ತಾಗ, ಕೆಲವೇ ದಿನಗಳಲ್ಲಿ ಜಾತ್ರೆಗೆ ನುಗ್ಗುವಂತೆ ನುಗ್ಗಿದರು.

“ಹರಟೆ ಹೊಡೆಯುವುದಕ್ಕೆ ಈ ಏರಿಯ ಕಲ್ಲು ಸಾಲದೇನೋ?” ಎಂದೆ.

“ಕಲ್ಲಿನ ಮೇಲೆ ಇಬ್ಬರು ಕೂಡಬಹುದು, ಮಾವ. ಇಲ್ಲಿ ಊರೇ ಕೂಡಬಹುದು” ಎಂದನು. ಉತ್ತರ ಜಾಣತನದ್ದೇ, ಒಪ್ಪೋಣ.

ಆದರೆ ನನ್ನ ಸಂಶಯಕ್ಕೆ ಕಾರಣವಿಲ್ಲದಿಲ್ಲ. ಊರೆಲ್ಲ ಕೂಡಿದ ಎಷ್ಟು ಕಟ್ಟೆಗಳು ನಮ್ಮ ಕಣ್ಣೆದುರಿಗೇ ಬರಿದಾದವು! 2004ರಲ್ಲಿ ಹುಟ್ಟಿದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಬಾಗಿಲು ಹಾಕಿತು. 2011ರಲ್ಲಿ ಬಂದ ಗೂಗಲ್ ಪ್ಲಸ್ 2019ರಲ್ಲಿ ಹೋಯಿತು. ಆಮೇಲೆ ನಮ್ಮ ಬೆಂಗಳೂರಿನದೇ ಆದ ‘ಕೂ’. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವತ್ಕ ಅವರು 2020ರಲ್ಲಿ ಹಾರಿಬಿಟ್ಟ ಆ ಹಳದಿ ಹಕ್ಕಿ ಮೊದಲು ಕೂಗಿದ್ದು ಕನ್ನಡದಲ್ಲಿ. ಅಭಿಮಾನ ಪಡತಕ್ಕ ಸಂಗತಿಯಲ್ಲವೇ? ಏಳಿಗೆಯ ಕಾಲದಲ್ಲಿ ತಿಂಗಳಿಗೆ ಸುಮಾರು 1 ಕೋಟಿ ಜನ ಅದನ್ನು ಬಳಸುತ್ತಿದ್ದರೆಂದು ಸ್ಥಾಪಕರು ಹೇಳಿಕೊಂಡಿದ್ದರು. ಬಂಡವಾಳ ಒದಗಲಿಲ್ಲ, ಕೊಳ್ಳಲು ಬಂದವರ ಮಾತುಕತೆ ಮುರಿಯಿತು. 2024ರ ಜುಲೈಯಲ್ಲಿ ಹಕ್ಕಿ ಮೌನವಾಯಿತು. ಅದಕ್ಕೆ ಒಂದು ವರ್ಷ ಮೊದಲು, 2023ರ ಜುಲೈಯಲ್ಲಿ, ಟ್ವಿಟರಿನ ನೀಲಿ ಹಕ್ಕಿಯನ್ನು ಅದರ ಹೊಸ ಒಡೆಯರೇ ಗೂಡಿನಿಂದ ಇಳಿಸಿ, ಅಲ್ಲಿ ‘ಎಕ್ಸ್’ ಎಂಬ ಗುರುತನ್ನು ಬರೆದಿದ್ದರು.

ಕಟ್ಟೆ ಮುಚ್ಚಿದರೆ ನಷ್ಟವೇನು, ಇನ್ನೊಂದಕ್ಕೆ ಹೋಗಬಹುದಲ್ಲ ಎನ್ನುವವರಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. ಹಲವು ವರ್ಷಗಳ ಹಿಂದೆ, ಹೆಸರು ಹೇಳಬೇಕಾಗಿಲ್ಲದ ಒಂದು ತಾಣದಲ್ಲಿ, ಘಟ್ಟದ ಕೆಳಗಿನ ನನ್ನ ಗೆಳೆಯರೊಬ್ಬರು ಪ್ರತಿ ಭಾನುವಾರ ತಮ್ಮ ಊರಿನ ಕೆರೆಗೆ ಬಂದ ಹಕ್ಕಿಗಳ ಸುದ್ದಿಯನ್ನು ಬರೆಯುತ್ತಿದ್ದರು. ನಾನು ಅತ್ತಿವೇರಿಯ ಸುದ್ದಿಯನ್ನು ಬರೆಯುತ್ತಿದ್ದೆ. ಆರು ವರ್ಷ ಹೀಗೆ ನಡೆಯಿತು. ಗೆಳೆಯರು ತೀರಿಕೊಂಡರು. ಆ ಬಳಿಕ ತಾಣ ಮುಚ್ಚುವುದೆಂದೂ, ಬೇಕಾದವರು ಇಂತಿಷ್ಟು ದಿನದೊಳಗೆ ತಮ್ಮ ಬರಹಗಳನ್ನು ಇಳಿಸಿಕೊಳ್ಳಬೇಕೆಂದೂ ಒಂದು ಸೂಚನೆ ಬಂದಿತ್ತು. ಜಾಹೀರಾತೆಂದು ತಿಳಿದು ನಾನು ಅದನ್ನು ಓದಲಿಲ್ಲ. ತಪ್ಪು ನನ್ನದೇ. ಆದರೆ ತಪ್ಪು ಯಾರದಾದರೇನು? ಅದಕ್ಕೂ ಹಿಂದೆ ಅವರು ಬರೆದಿದ್ದ ಒಂಬತ್ತು ಅಂಚೆಕಾರ್ಡುಗಳು ತಗಡಿನ ಪೆಟ್ಟಿಗೆಯಲ್ಲಿ ಇಂದಿಗೂ ಇವೆ. ಆರು ವರ್ಷದ ಭಾನುವಾರಗಳಲ್ಲಿ ಒಂದೂ ಉಳಿದಿಲ್ಲ.

ನನ್ನದು ಅಗಲಿದವರ ಮಾತು. ಬದುಕಿರುವವರ ಮಾತೇ ಕಡಿದುಹೋದರೆ ಹೇಗೆ? ಅದನ್ನು ತಿಳಿಯಲು ಬಹುದೂರ ಹೋಗಬೇಕಾಗಿಲ್ಲ. ನಮ್ಮ ಮುಂಡಗೋಡಿನ ಬಳಿಯಲ್ಲಿ 1966ರಿಂದ ಟಿಬೆಟನ್ನರ ವಸತಿಯಿದೆ. ಅವರಲ್ಲಿ ಎಷ್ಟೋ ಜನರ ಒಡಹುಟ್ಟಿದವರು ಹಿಮಾಲಯದ ಆಚೆಯಲ್ಲಿಯೇ ಉಳಿದವರು. ಹೊರದೇಶದ ತಾಣಗಳಿಗೆ ಅಲ್ಲಿ ತಡೆ. ಆದುದರಿಂದ, ಆಡಿದ ಮಾತಿಗೆ ಸರ್ಕಾರದ ಕಿವಿಯಿದೆಯೆಂಬ ಭಯವಿದ್ದರೂ, ಚೀನಾದ ವಿಚಾಟ್ ಎಂಬುದೇ ಭಾರತದ ಅನೇಕ ಟಿಬೆಟನ್ನರಿಗೆ ತಾಯಿತಂದೆಯರ ಮುಖ ಕಾಣುವ ಕಿಟಕಿಯಾಗಿತ್ತು. 2020ರ ಜೂನ್ 29ರಂದು ಭಾರತ ಸರ್ಕಾರ ದೇಶದ ಭದ್ರತೆಯ ಕಾರಣದಿಂದ ನಿಷೇಧಿಸಿದ 59 ಆಪ್‌ಗಳಲ್ಲಿ ಅದೂ ಒಂದು. ನಿಷೇಧದ ನ್ಯಾಯಾನ್ಯಾಯವನ್ನು ಇಲ್ಲಿ ತೂಗುತ್ತಿಲ್ಲ. ನಾವು ಹೊತ್ತು ಕಳೆಯುವ ಆಟವೆಂದುಕೊಂಡದ್ದು ಇನ್ನೊಬ್ಬರಿಗೆ ಏಕೈಕ ಸೇತುವೆಯಾಗಿರಬಹುದು ಎಂಬುದಷ್ಟೇ ನನ್ನ ಮಾತು.

ಅತ್ತಿವೇರಿಯ ಪಕ್ಷಿಧಾಮ ದೊಡ್ಡದಲ್ಲ, ಎರಡು ಚದರ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಬಿಳಿ ಕೆಂಬರಲು, ಚಮಚಕೊಕ್ಕು, ಬೆಳ್ಳಕ್ಕಿ, ಮಿಂಚುಳ್ಳಿ ಇಲ್ಲಿಗೆ ಬರುವುದು ಕೆರೆಯ ಹೆಸರನ್ನು ಕೇಳಿಯಲ್ಲ. ನೀರು, ಮೀನು ಮತ್ತು ತಮ್ಮ ಬಳಗ ಇರುವುದರಿಂದ. ನಾವೂ ಹಾಗೆಯೇ. ತಾಣದ ಚೆಂದಕ್ಕೆ ಯಾರೂ ಹೋಗುವುದಿಲ್ಲ. ಬೇಕಾದವರು ಅಲ್ಲಿದ್ದಾರೆಂದು ಹೋಗುತ್ತೇವೆ. ಆದರೆ ಕೆರೆಯ ತೂಬು ಹಕ್ಕಿಯ ಕೈಯಲ್ಲಿಲ್ಲ. ತೂಬು ಎತ್ತಿದ ದಿನ ಹಕ್ಕಿ ರೆಕ್ಕೆ ಬಿಚ್ಚಿ ಇನ್ನೊಂದು ನೀರನ್ನು ಹುಡುಕೀತು, ಏಕೆಂದರೆ ಹೊತ್ತೊಯ್ಯಬೇಕಾದ ಹಳೆಯ ಕಾಗದಗಳು ಅದಕ್ಕಿಲ್ಲ. ನಮಗಿವೆ.

ಹಾಗಾದರೆ ಸೇರಲೇಬಾರದೇ? ಹಾಗೆನ್ನುವ ಸನ್ಯಾಸ ನನ್ನದಲ್ಲ. ಸೇರುವ ಮುನ್ನ ಹುಡುಗನಿಗೆ ಮೂರು ಪ್ರಶ್ನೆಗಳನ್ನು ಹಾಕಿದೆ. ಇದರ ಹೊಟ್ಟೆ ತುಂಬುವುದು ಹೇಗೆ? ನಾನು ಬರೆದದ್ದನ್ನು ಬೇರೆ ಯಾರು ಓದಬಲ್ಲರು? ನಾಳೆ ಬಾಗಿಲು ಮುಚ್ಚಿದರೆ ನನ್ನ ಮಾತನ್ನು ನಾನು ಮನೆಗೆ ಒಯ್ಯಬಹುದೇ? ಸೆಪ್ಟೆಂಬರಿನಲ್ಲಿ ಜನ ನುಗ್ಗಿದಾಗ ಅರಟ್ಟೈಯಲ್ಲಿ ಕರೆಗಳಿಗೆ ಗೂಢಲಿಪಿಯ ಕಾವಲಿತ್ತು, ಬರೆದ ಮಾತಿಗೆ ಇನ್ನೂ ಇರಲಿಲ್ಲ ಎಂಬುದನ್ನು ಅವನೇ ಹುಡುಕಿ ಹೇಳಿದನು. ಉಳಿದೆರಡಕ್ಕೆ ತಲೆ ಕೆರೆದುಕೊಂಡನು. ಕೇಳುವ ಅಭ್ಯಾಸವಾದರೂ ಆಯಿತಲ್ಲ ಎಂದು ಮೊಬೈಲನ್ನು ಅವನ ಕೈಗಿತ್ತೆ.

ಸೇರಿಯಾಯಿತು. ಒಳಗೆ ನನ್ನ ಪರಿಚಯದವರು ನಾಲ್ವರು. ಅವರಲ್ಲಿ ಒಬ್ಬನು ನನ್ನಿಂದ ಮೂರು ಮಾರು ದೂರದಲ್ಲಿ ಕುಳಿತಿದ್ದ ಈತನೇ. ಸ್ವಲ್ಪ ಹೊತ್ತಿನಲ್ಲಿ ಮೊದಲ ಸಂದೇಶ ಬಂದಿತು: “ಮಾವ, ಮಾತಾಡಬೇಡಿ. ಎಡಗಡೆಯ ಒಣಮರದ ಕೆಳಗೆ ನೋಡಿ.”

ನೋಡಿದೆ. ಒಂಟಿ ಚಮಚಕೊಕ್ಕು ನೀರನ್ನು ಎಡಕ್ಕೂ ಬಲಕ್ಕೂ ಸವರುತ್ತ ನಿಂತಿತ್ತು. ಕೂಗಿ ಹೇಳಿದ್ದರೆ ಅದೂ ಹಾರಿಹೋಗುತ್ತಿತ್ತು. ಹೊಸ ಹರಟೆಗೆ ಮನಸ್ಸಿನಲ್ಲಿಯೇ ಒಂದು ಅಂಕ ಕೊಟ್ಟೆ. ಅನಂತರ ನೋಟುಪುಸ್ತಕವನ್ನು ತೆರೆದು, ತಾರೀಕು ಹಾಕಿ, ಅವನ ಸಂದೇಶವನ್ನು ಅಕ್ಷರ ಬಿಡದೆ ಬರೆದುಕೊಂಡೆ.