ಕೊರಳಪಟ್ಟಿಯ ವಿಷ, ಸಾಕ್ಷ್ಯದ ಹೊರೆ

ಡೆಟ್ರಾಯಿಟ್ ನಗರದ ವಾಯವ್ಯಕ್ಕಿರುವ ವಿಕ್ಸಮ್, ಅರ್ಧ ಶತಮಾನದ ಕಾಲ ಫೋರ್ಡ್ ಕಂಪನಿಯ ಲಿಂಕನ್ ಕಾರುಗಳು ತಯಾರಾಗುತ್ತಿದ್ದ ಊರು. ಆ ಕಾರ್ಖಾನೆ 2007ರಲ್ಲಿ ಮುಚ್ಚಿತು. ಈಗ ಅಲ್ಲಿಯೂ ನೆರೆಯ ನೋವಾಯ್‌ನಲ್ಲಿಯೂ ನೆಲೆಸಿರುವ ಭಾರತೀಯ ಕುಟುಂಬಗಳಲ್ಲಿ ಕನ್ನಡದವು ಸಾಕಷ್ಟಿವೆ. ಮಕ್ಕಳ ಹಟಕ್ಕೆ ಮಣಿದು ನಾಯಿ ಸಾಕಿದ ಮನೆಗಳೂ ಕಡಿಮೆಯಿಲ್ಲ. ಊರಿನಲ್ಲಿ ಜಗುಲಿಯ ಆಚೆಗೆ ಮಲಗುತ್ತಿದ್ದ ಪ್ರಾಣಿ ಇಲ್ಲಿ ಹಾಸಿಗೆಯ ಮೇಲೆ ಮಲಗುತ್ತದೆ. ಬೇಸಿಗೆ ಮುಗಿದು ಎಲೆ ಕೆಂಪಾಗುವ ವೇಳೆಗೆ ಅದರೊಂದಿಗೆ ಚಿಗಟವೂ ಹಾಸಿಗೆ ಸೇರುತ್ತದೆ.

ಆಗ ಮನೆಮಂದಿಗೆ ಮೊದಲು ಹೊಳೆಯುವುದು ಅಂಗಡಿ. ನಾಯಿಯ ಕೊರಳಿಗೊಂದು ಔಷಧದ ಪಟ್ಟಿ ಕಟ್ಟಿದರೆ ಎಂಟು ತಿಂಗಳು ನಿಶ್ಚಿಂತೆ ಎಂಬ ಭರವಸೆಯನ್ನು ಅಲ್ಲಿ ಮಾರಲಾಗುತ್ತದೆ. ಆದರೆ ಚಿಗಟದ ಸಮಸ್ಯೆ ನಾಯಿಯದಕ್ಕಿಂತ ಹೆಚ್ಚಾಗಿ ಮನೆಯದು. ನಾಯಿಯ ಮೇಲೆ ಕಾಣುವುದು ಬಹುಪಾಲು ಬೆಕ್ಕಿನ ಚಿಗಟವೆಂದೇ ಹೆಸರಾದ ಪ್ರಭೇದ. ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆಗಳವರೆಗೆ ಇಡಬಲ್ಲದು. ಆ ಮೊಟ್ಟೆಗಳು ಕೂದಲಿಗೆ ಅಂಟಿಕೊಳ್ಳದೆ ಉದುರಿ ಜಮಖಾನದ ಎಳೆಗಳಲ್ಲಿ, ಸೋಫಾದ ಸಂದಿಯಲ್ಲಿ ಮರಿಯಾಗಿ ಕೋಶ ಕಟ್ಟುತ್ತವೆ. ಯಾವುದೇ ಹೊತ್ತಿನಲ್ಲಿ ಕಣ್ಣಿಗೆ ಬೀಳುವ ಪ್ರೌಢ ಚಿಗಟಗಳು ಒಟ್ಟು ಸಂಖ್ಯೆಯ ನೂರಕ್ಕೆ ಐದರಷ್ಟು ಮಾತ್ರ. ಉಳಿದ ತೊಂಬತ್ತೈದು ನೆಲದಲ್ಲಿರುತ್ತವೆ. ಕೋಶದೊಳಗಿನ ಚಿಗಟ ತಿಂಗಳುಗಟ್ಟಲೆ ಕಾಯಬಲ್ಲದು. ಹೆಜ್ಜೆಯ ಕಂಪನ, ಮೈಯ ಬಿಸಿ, ಉಸಿರಿನ ಇಂಗಾಲದ ಡೈ ಆಕ್ಸೈಡ್ ತಾಗಿದಾಗ ಹೊರಗೆ ಹಾರುತ್ತದೆ. ಮಿಷಿಗನ್ನಿನ ಹಿಮ ಅಂಗಳದ ಮೊಟ್ಟೆಗಳನ್ನು ಕೊಲ್ಲಬಹುದು, ಹೀಟರ್ ಹಾಕಿದ ಕೋಣೆಯೊಳಕ್ಕೆ ಅದು ಬರುವುದಿಲ್ಲ. ಆದ್ದರಿಂದಲೇ ದಿನವೂ ವ್ಯಾಕ್ಯೂಮ್ ಮಾಡುವುದು, ವಾರವಾರ ನಾಯಿಯ ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆಯುವುದು, ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ ಸೋಪಿನ ನೀರಿನಲ್ಲಿ ಅದ್ದುವುದು ಯಾವ ಔಷಧಕ್ಕೂ ಕಡಿಮೆಯಲ್ಲದ ಕೆಲಸಗಳು. ಬೆಳ್ಳುಳ್ಳಿ ತಿನ್ನಿಸಿದರೆ ಚಿಗಟ ಓಡುತ್ತದೆಂಬ ಸಲಹೆಯನ್ನಂತೂ ಕಿವಿಗೆ ಹಾಕಿಕೊಳ್ಳಬಾರದು. ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತದೆ.

ಔಷಧ ಬೇಡವೆಂದು ವಾದಿಸುವುದು ಮೂರ್ಖತನ. ಚಿಗಟ ಏನು ಮಾಡಬಲ್ಲದೆಂಬುದು ಕನ್ನಡಿಗರಿಗೆ ಗೊತ್ತು. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗ್ ತಲುಪುವ ಕೆಲವೇ ವಾರ ಮುಂಚೆ, ಕರಾಚಿಯಲ್ಲಿ ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯ ಅದರ ವಾಹಕ ಇಲಿಯ ಚಿಗಟವೆಂದು ತೋರಿಸಿದ್ದ. ನಂಬಿದವರು ವಿರಳ. ಸರಿಯಾದ ಸಾಕ್ಷ್ಯ ಕೈಯಲ್ಲಿದ್ದೂ ಅದನ್ನು ಒಪ್ಪಲು ಆಡಳಿತಗಳು ವರ್ಷಗಟ್ಟಲೆ ತೆಗೆದುಕೊಂಡವು.

ಅಂಥದೇ ನಿಧಾನ ಈಗ ಇನ್ನೊಂದು ದಿಕ್ಕಿನಿಂದ ಕಾಣುತ್ತಿದೆ. ಅಮೆರಿಕದಲ್ಲಿ ಹೆಚ್ಚು ಮಾರಾಟವಾಗುವ ಪಟ್ಟಿಗಳಲ್ಲೊಂದು ಸೆರೆಸ್ಟೊ. ಬೇಯರ್ ಕಂಪನಿ 2012ರಲ್ಲಿ ಮಾರುಕಟ್ಟೆಗೆ ತಂದ ಇದು ಈಗ ಎಲಾಂಕೊ ಕಂಪನಿಯದು. ಇದರಲ್ಲಿರುವುದು ಇಮಿಡಾಕ್ಲೋಪ್ರಿಡ್ ಮತ್ತು ಫ್ಲೂಮೆಥ್ರಿನ್ ಎಂಬ ಎರಡು ಕೀಟನಾಶಕಗಳು. ಕೆನಡಾದ ನಿಯಂತ್ರಕರು 2016ರಲ್ಲಿ ಇದಕ್ಕೆ ನೋಂದಣಿ ನಿರಾಕರಿಸಿದರು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ, ಮುಂದುವರಿಸಿತು. 2021ರ ಮಾರ್ಚಿನಲ್ಲಿ ಪತ್ರಿಕಾ ತನಿಖೆಯೊಂದು 75,000 ದೂರುಗಳನ್ನೂ ಸುಮಾರು 1,700 ಸಾಕುಪ್ರಾಣಿಗಳ ಸಾವಿನ ವರದಿಗಳನ್ನೂ ಬೆಳಕಿಗೆ ತಂದಿತು. ಶಿಕಾಗೋದ ಹೊರವಲಯವನ್ನು ಪ್ರತಿನಿಧಿಸುತ್ತಿದ್ದ ಸಂಸದ ರಾಜಾ ಕೃಷ್ಣಮೂರ್ತಿ ಪಟ್ಟಿಯನ್ನು ಹಿಂತೆಗೆದುಕೊಳ್ಳುವಂತೆ ಕಂಪನಿಯನ್ನು ಕೇಳಿದರು. ಅವರ ಅಧ್ಯಕ್ಷತೆಯ ಉಪಸಮಿತಿ 2022ರ ಜೂನ್‌ನಲ್ಲಿ ವಿಚಾರಣೆ ನಡೆಸುವ ಹೊತ್ತಿಗೆ ದೂರುಗಳು 98,000 ದಾಟಿದ್ದವು, ವರದಿಯಾದ ಸಾವುಗಳು 2,500ನ್ನು ಮೀರಿದ್ದವು.

ಕಂಪನಿಯ ಉತ್ತರವನ್ನು ಬದಿಗೊತ್ತುವಂತಿಲ್ಲ. 3 ಕೋಟಿಗೂ ಹೆಚ್ಚು ಪಟ್ಟಿಗಳು ಮಾರಾಟವಾಗಿರುವಾಗ ದೂರುಗಳ ಪ್ರಮಾಣ ಅತ್ಯಲ್ಪ. ದೂರು ಎಂದರೆ ಕಾರಣವಲ್ಲ. ಈ ತರ್ಕದಲ್ಲಿ ಸತ್ಯವಿದೆ. ಆದರೆ ಕಾರಣ ಗೊತ್ತಾಗದಿರುವುದೇಕೆ ಎಂದು ಕೇಳಿದರೆ ಇನ್ನೊಂದು ಸತ್ಯ ಹೊರಬರುತ್ತದೆ. ನಾಯಿಗೆ ನುಂಗಿಸುವ ಮಾತ್ರೆ ಔಷಧವೆನಿಸಿ ಎಫ್‌ಡಿಎ ಸುಪರ್ದಿಗೆ ಬರುತ್ತದೆ. ಆ ಸಂಸ್ಥೆ 2018ರಲ್ಲಿ ಐಸೊಕ್ಸಜೋಲಿನ್ ಮಾತ್ರೆಗಳಿಂದ ಕೆಲವು ಪ್ರಾಣಿಗಳಿಗೆ ಸೆಳವು ಬರಬಹುದೆಂದು ಬಹಿರಂಗವಾಗಿ ಎಚ್ಚರಿಸಿತು, ಮಾತ್ರೆಗಳು ಮಾರುಕಟ್ಟೆಯಲ್ಲೇ ಉಳಿದವು. ಕೊರಳಪಟ್ಟಿ ಮಾತ್ರ ಕೀಟನಾಶಕವೆನಿಸಿ ಇಪಿಎಗೆ ಹೋಗುತ್ತದೆ. ಸಾಕುಪ್ರಾಣಿಯ ದೂರುಗಳಲ್ಲಿ ಬಹುಪಾಲು ಕಂಪನಿಯ ಕಡತದಿಂದ ಆ ಸಂಸ್ಥೆಗೆ ತಲುಪುವುದು ಬರಿಯ ಒಟ್ಟು ಲೆಕ್ಕವಾಗಿ. ವಿವರ ಸಂಗ್ರಹಿಸದೆ, ವಿವರವಿಲ್ಲವಾದ್ದರಿಂದ ಕಾರಣ ಸಾಬೀತಾಗಿಲ್ಲ ಎನ್ನುವುದು ಕಣ್ಣು ಮುಚ್ಚಿಕೊಂಡು ಕತ್ತಲೆಯೆಂದು ದೂರಿದಂತೆ.

ಕಾಸರಗೋಡಿನ ಕನ್ನಡಿಗರಿಗೆ ಈ ವಾದದ ರಾಗ ಪರಿಚಿತ. ಸರ್ಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದ ಕಾಲದಲ್ಲಿ, ಎಣ್ಮಕಜೆ ಪಂಚಾಯತಿಯ ಪಡ್ರೆಯ ಪತ್ರಕರ್ತ ಶ್ರೀ ಪಡ್ರೆ ಮೊದಲು ಕಂಡು ಬರೆದದ್ದು ಹುಟ್ಟುವಾಗಲೇ ಅಂಗವಿಕಲವಾಗಿದ್ದ ಕರುಗಳ ಬಗ್ಗೆ. ಅಲ್ಲಿಯ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳ ಕಾಯಿಲೆಗಳನ್ನು ಮನೆಮನೆಯ ಲೆಕ್ಕದಲ್ಲಿ ಗುರುತಿಸತೊಡಗಿದರು. ಅವರೆದುರಿಗೂ ಬಂದದ್ದು ಇದೇ ಮಾತು: ಕಾರಣ ಸಾಬೀತಾಗಿಲ್ಲ. ಸುಪ್ರೀಂ ಕೋರ್ಟ್ ನಿಷೇಧ ಬರಲು 2011 ಆಗಬೇಕಾಯಿತು. ಪಡ್ರೆಯ ಮಕ್ಕಳ ನೋವನ್ನು ವಿಕ್ಸಮ್ಮಿನ ನಾಯಿಯ ತುರಿಕೆಯ ಪಕ್ಕದಲ್ಲಿಟ್ಟು ತೂಗುವುದು ಅನ್ಯಾಯವಾದೀತು. ಎರಡೂ ಕಡೆ ಒಂದೇ ಆಗಿರುವುದು ಸಾಕ್ಷ್ಯದ ಹೊರೆಯನ್ನು ಯಾರ ಹೆಗಲಿಗೆ ಹೊರಿಸಲಾಗಿದೆ ಎಂಬುದು. ವಿಷ ಮಾರಿದವರು ನಿರುಪದ್ರವವೆಂದು ತೋರಿಸಬೇಕಿಲ್ಲ, ಅದನ್ನು ಉಂಡವರು ಉಪದ್ರವವೆಂದು ತೋರಿಸಬೇಕು.

ಇಮಿಡಾಕ್ಲೋಪ್ರಿಡ್ ಕರ್ನಾಟಕದ ಹತ್ತಿ ಬೆಳೆಗಾರರಿಗೂ ಹೊಸ ಹೆಸರಲ್ಲ. ಜೇನುನೊಣಗಳಿಗೆ ಮಾರಕವೆಂದು ಯುರೋಪಿಯನ್ ಒಕ್ಕೂಟ 2018ರಲ್ಲಿ ಅದನ್ನು ತೆರೆದ ಹೊಲಗಳಲ್ಲಿ ನಿಷೇಧಿಸಿತು. ನಾಯಿಯ ಮೈಗೆ ಮಾತ್ರ ಅನುಮತಿ ಉಳಿಯಿತು. ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಇಂಗ್ಲೆಂಡಿನ ನದಿಗಳಿಂದ 2016-18ರಲ್ಲಿ ತೆಗೆದ ಮಾದರಿಗಳ ದತ್ತಾಂಶವನ್ನು ಪರಿಶೀಲಿಸಿದಾಗ ನೂರಕ್ಕೆ 66ರಲ್ಲಿ ಇಮಿಡಾಕ್ಲೋಪ್ರಿಡ್, 98ರಲ್ಲಿ ಚಿಗಟದ ಇನ್ನೊಂದು ಔಷಧವಾದ ಫಿಪ್ರೊನಿಲ್ ಸಿಕ್ಕಿದವು. ನಾಯಿಗೆ ಸ್ನಾನ ಮಾಡಿಸಿದ ನೀರು ಮನೆಯ ಮೋರಿಯಲ್ಲಿ ಮುಗಿದುಹೋಗುವುದಿಲ್ಲ. ಭತ್ತದ ಗದ್ದೆಗೆ ಕೀಟನಾಶಕ ಹೊಡೆಯುವ ರೈತನಿಗೆ ದೂರದಿಂದ ಪರಿಸರಪಾಠ ಹೇಳುವ ಅನಿವಾಸಿಗಳು ಈ ನೀರಿನ ದಾರಿಯನ್ನೂ ಒಮ್ಮೆ ಗಮನಿಸಬಹುದು.

ಇಪಿಎ 2023ರ ಜುಲೈನಲ್ಲಿ ಸೆರೆಸ್ಟೊ ನೋಂದಣಿಯನ್ನು ಮುಂದುವರಿಸಿತು, ಐದು ವರ್ಷಗಳ ಮಿತಿಯೊಂದಿಗೆ. ಪಟ್ಟಿ ಸಾವುಗಳಿಗೆ ಕಾರಣವೆಂದು ಖಚಿತವಾಗಿ ಹೇಳಲಾಗದು, ಹಲವು ವರದಿಗಳಲ್ಲಿ ಅಗತ್ಯ ವಿವರಗಳೇ ಇಲ್ಲ ಎಂದಿತು. ಹೊಸ ಎಚ್ಚರಿಕೆಗಳನ್ನು ಮುದ್ರಿಸಬೇಕು, ದೂರು ಬಂದಾಗ ಹೆಚ್ಚಿನ ವಿವರ ಕಲೆಹಾಕಬೇಕು ಎಂಬ ಷರತ್ತುಗಳನ್ನು ಹಾಕಿತು. ಗಡುವು ಮುಗಿಯುವುದು 2028ರಲ್ಲಿ. ಅಲ್ಲಿಯವರೆಗೆ ನಾಯಿ ಮಂಕಾದರೆ, ಕೊರಳಿನ ಚರ್ಮ ಕೆಂಪಾದರೆ, ಸೆಳವು ಬಂದರೆ ಪಟ್ಟಿಯನ್ನು ಕೂಡಲೇ ತೆಗೆದು ಪಶುವೈದ್ಯರಿಗೆ ತೋರಿಸಿ, ದಿನಾಂಕ, ನಾಯಿಯ ತೂಕ, ವಯಸ್ಸು, ಪಟ್ಟಿ ಕಟ್ಟಿ ಎಷ್ಟು ದಿನವಾಯಿತೆಂಬುದನ್ನೆಲ್ಲ ಬರೆದು ಇಪಿಎಗೇ ನೇರವಾಗಿ ದೂರು ಕೊಡಬಹುದು. ಶಿಕಾಗೋದ ವಿದ್ಯಾರಣ್ಯ ಕನ್ನಡ ಕೂಟವೋ ಡೆಟ್ರಾಯಿಟಿನ ಪಂಪ ಕನ್ನಡ ಕೂಟವೋ ಯುಗಾದಿಯ ಊಟದ ಸರದಿಯಲ್ಲಿ ನಿಂತವರಿಗೆ ಇದನ್ನು ಒಂದು ಹಾಳೆಯಲ್ಲಿ ಅಚ್ಚು ಮಾಡಿ ಹಂಚಿದರೆ ಖರ್ಚು ಹೋಳಿಗೆಗಿಂತ ಕಡಿಮೆಯೇ ಆದೀತು.