ರಾಗಿ ಮುದ್ದೆಗೂ ಬಿಪಿ ಮಾತ್ರೆಗೂ ಜಗಳವಿಲ್ಲ

ದೊಡ್ಡಬಳ್ಳಾಪುರದ ನಮ್ಮ ದಾದಿಗೆ ಮುದ್ದೆ ಇಲ್ಲದೆ ಊಟವಿಲ್ಲ. ಬಿಪಿಗೆ ದಿನಕ್ಕೊಂದು ಆಮ್ಲೋಡಿಪಿನ್ ಮಾತ್ರೆ. ಅದು ‘ಕ್ಯಾಲ್ಸಿಯಂ ತಡೆಯುವ ಔಷಧಿ’ ಎಂದು ಯಾರೋ ಹೇಳಿದ್ದೇ ತಡ, ಮೂಳೆ ಸವೆಯುತ್ತದೆಂದು ಹೆದರಿ ಮಾತ್ರೆ ಬಿಟ್ಟರು. ನಾನು ವಿಜ್ಞಾನ ವಿಭಾಗದಲ್ಲಿದ್ದೂ ಉತ್ತರ ಹೇಳಲಾಗಲಿಲ್ಲ.

ಸ್ನಾಯು ಬಿಗಿಯಲು ಕ್ಯಾಲ್ಸಿಯಂ ಬೇಕೆಂದು ಪ್ರಥಮ ಪಿಯುಸಿಯಲ್ಲೇ ಓದಿದ್ದೇವೆ. ರಕ್ತನಾಳದ ಗೋಡೆಯಲ್ಲೂ ಸ್ನಾಯುವಿದೆ. ಅದರ ಕೋಶಗಳೊಳಗೆ ಕ್ಯಾಲ್ಸಿಯಂ ನುಗ್ಗಿದರೆ ನಾಳ ಕಿರಿದಾಗಿ ಒತ್ತಡ ಏರುತ್ತದೆ. ಆ ಬಾಗಿಲನ್ನು ಆಮ್ಲೋಡಿಪಿನ್ ಅರೆ ಮುಚ್ಚುತ್ತದೆ, ಅಷ್ಟೇ.

ಇದು ಊಹೆಯಲ್ಲ, ಅಳೆದು ನೋಡಿದ್ದು. 1970ರ ದಶಕದಲ್ಲಿ ವಿಜ್ಞಾನಿಗಳು ಮೊಲದ ಮಹಾಪಧಮನಿಯ ತುಂಡನ್ನು ವಿಕಿರಣಶೀಲ ಕ್ಯಾಲ್ಸಿಯಂ-45 ಬೆರೆಸಿದ ದ್ರಾವಣದಲ್ಲಿಟ್ಟರು. ಕೋಶದ ಹೊರಗೆ ಅಂಟಿದ್ದನ್ನು ಲ್ಯಾಂಥನಂ ದ್ರಾವಣದಿಂದ ತೊಳೆದು, ಒಳಹೊಕ್ಕಿದ್ದನ್ನು ಮಾತ್ರ ಲೆಕ್ಕ ಹಾಕಿದರು. ಈ ಬಗೆಯ ಔಷಧಿ ಹಾಕಿದಾಗ ಒಳಹೋಗುವ ಕ್ಯಾಲ್ಸಿಯಂ ಕಡಿಮೆಯಾಯಿತು.

100 ಗ್ರಾಂ ರಾಗಿಯಲ್ಲಿರುವ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಕರುಳಿನಿಂದ ಮೂಳೆಗೆ ಹೋಗುವ ದಾರಿಯೇ ಬೇರೆ. ಮಾತ್ರೆ ಮೂಳೆಯಿಂದ ಏನನ್ನೂ ಕದಿಯುವುದಿಲ್ಲ. ಇದನ್ನು ದಾದಿಗೆ ಮನೆಮಾತಿನಲ್ಲಿ ಹೇಳಿ, ಡಾಕ್ಟರ ಬಳಿ ಕರೆದೊಯ್ದೆ. ಮಾತ್ರೆ ಮತ್ತೆ ಶುರುವಾಯಿತು.

ನನ್ನ ಅಭಿಪ್ರಾಯ ಇಷ್ಟೇ: ನೀಟ್‌ಗೆಂದು ಕಂಠಪಾಠ ಮಾಡಿದ್ದು ಮನೆಯ ಹಿರಿಯರಿಗೆ ಅರ್ಥವಾಗುವಂತೆ ಹೇಳಲು ಬಾರದಿದ್ದರೆ ನಮ್ಮ ಓದು ಅರ್ಧವೇ. ರಂಜಾನ್ ಬಂದಾಗಲೂ ಹಿರಿಯರು ತಾವಾಗಿಯೇ ಮಾತ್ರೆ ಬಿಡದಿರಲಿ. ಸಹ್ರಿಗೋ ಇಫ್ತಾರ್‌ಗೋ ಎಂದು ಡಾಕ್ಟರನ್ನು ಮೊದಲೇ ಕೇಳೋಣ. ಬಿಪಿ ಸದ್ದಿಲ್ಲದೆ ಏರುತ್ತದೆ, ನಾವು ಸುಮ್ಮನಿರಬಾರದು.