ಕಪ್ಪೆಚಿಪ್ಪೂ ತೂಬಿನ ಬೀಗವೂ

ನಮ್ಮ ಸೀಮೆಯವರಿಗೆ ಸಮುದ್ರ ದೂರ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಹಳ್ಳಿಗಳಿಂದ ಈ ಕಾಲೇಜಿಗೆ ಬರುವ ನಮ್ಮಲ್ಲಿ ಎಷ್ಟೋ ಮಂದಿ ಅದನ್ನು ಕಣ್ಣಾರೆ ಕಂಡವರಲ್ಲ. ಅಂಥ ನಾನು ಸಮುದ್ರದ ಸಿಂಪಿಯ ವಿಚಾರವಾಗಿ ಬರೆಯಹೊರಟರೆ ಸಹಪಾಠಿಗಳು ನಕ್ಕಾರು. ಆದರೆ ನಮಗೂ ಕಪ್ಪೆಚಿಪ್ಪಿಗೂ ನಂಟೇ ಇಲ್ಲವೆನ್ನಲಾಗದು. ನಮ್ಮಜ್ಜಿ ಕೆರೆಯಿಂದ ತಂದ ಚಿಪ್ಪಿನ ಬೆನ್ನನ್ನು ಕಲ್ಲಿಗೆ ಉಜ್ಜಿ ತೂತುಮಾಡಿ, ಅದರ ಅಂಚಿನಿಂದ ಮಾವಿನಕಾಯಿಯ ಸಿಪ್ಪೆ ಹೆರೆಯುತ್ತಿದ್ದಳು. ಆ ಚಿಪ್ಪು ಇನ್ನೂ ನಮ್ಮ ಮನೆಯ ಗೂಡಿನಲ್ಲಿದೆ. ಅಂಥ ಇನ್ನೊಂದು ಈಗ ನಮ್ಮೂರ ಕೆರೆಯಲ್ಲಿ ಸಿಕ್ಕದು.

ಕಳೆದ ವರ್ಷ ಪ್ರವಾಸ ಹೋದಾಗ ಮಿರ್ಜಾನ್ ಕೋಟೆಯನ್ನು ನೋಡಿಕೊಂಡು ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಹೊಳೆಯ ಅಳಿವೆಯ ಬಳಿ ತುಸು ಹೊತ್ತು ನಿಂತಿದ್ದೆವು. ನೀರಿಳಿದ ಸಮಯ. ಕೆಸರಿನಲ್ಲಿ ಬಗ್ಗಿ ನಿಂತ ಹೆಂಗಸರು ದೂರದಿಂದ ನಾಟಿ ಹಾಕುವವರಂತೆ ಕಂಡರು. ಹತ್ತಿರ ಹೋದರೆ, ಅವರು ಆಯುತ್ತಿದ್ದುದು ಚಿಪ್ಪು, ಬಳಚು ಎನ್ನುತ್ತಾರೆ. ಒಬ್ಬಾಕೆ ಸಣ್ಣವನ್ನು ಮತ್ತೆ ಕೆಸರಿಗೇ ಹಾಕುತ್ತಿದ್ದಳು. ಏಕಕ್ಕಾ ಎಂದೆ. "ಇನ್ನೂ ಸಣ್ಣದು ತಮ್ಮಾ, ಬೆಳೀಲಿ" ಎಂದು ತನ್ನ ಕೆಲಸಕ್ಕೆ ತಿರುಗಿದಳು. ಸುಮಾರು 2,300 ಮಂದಿ ಈ ಅಳಿವೆಯ ಚಿಪ್ಪುಗಳಿಂದ ಬದುಕುತ್ತಾರೆಂದು ಭಾರತೀಯ ವಿಜ್ಞಾನ ಸಂಸ್ಥೆಯವರು 2008ರಲ್ಲಿ ಲೆಕ್ಕಹಾಕಿದ್ದರು. 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು. ಅಣೆಕಟ್ಟಿನ ತಡೆಯಿಲ್ಲದೆ ಸಮುದ್ರ ಸೇರುವ ಹೊಳೆ ಅದು. ಕೆಸರಿನಲ್ಲಿ ಬಳಚು, ಬಂಡೆಗಳಿಗೆ ಅಂಟಿದ ಸಿಂಪಿ ಎರಡೂ ಅಲ್ಲಿವೆ.

ಸಿಂಪಿಯ ಬಾಳು ವಿಚಿತ್ರವಾದುದು. ಮರಿ ಎರಡು ಮೂರು ವಾರ ನೀರಿನಲ್ಲಿ ತೇಲಿ, ಆಮೇಲೆ ಗಟ್ಟಿಯಾದ ಒಂದು ನೆಲೆಗೆ ಅಂಟಿಕೊಂಡು ಜೀವಮಾನವನ್ನೆಲ್ಲ ಅಲ್ಲಿಯೇ ಕಳೆಯುತ್ತದೆ. ಅದಕ್ಕೆ ಅತ್ಯಂತ ಒಪ್ಪುವ ನೆಲೆ ಹಿರಿಯ ಸಿಂಪಿಗಳ ಚಿಪ್ಪೇ. ಸುಣ್ಣಕ್ಕೆಂದು ಚಿಪ್ಪನ್ನೆಲ್ಲ ಬಾಚಿ ಒಯ್ದರೆ ಮುಂದಿನ ಪೀಳಿಗೆಗೆ ಕಾಲೂರಲು ಎಡೆಯಿಲ್ಲ. ನ್ಯೂಯಾರ್ಕಿನ ಬಂದರಿನಲ್ಲಿ ಹೀಗೆ ಅಳಿದುಹೋದ ಸಿಂಪಿಯ ಹಾಸುಗಳನ್ನು ಮರಳಿ ಬೆಳೆಸಲು 2014ರಿಂದ ಒಂದು ಸಂಸ್ಥೆ ಶ್ರಮಿಸುತ್ತಿದೆ. ಹೋಟೆಲುಗಳ ಎಂಜಲು ಚಿಪ್ಪನ್ನು ಕೂಡಿಹಾಕಿ, ಬಿಸಿಲಿಗೆ ಒಣಗಿಸಿ, ಮರಿ ಅಂಟಿಸಿ ನೀರಿಗೆ ಇಳಿಸುತ್ತಾರೆ; ಶಾಲೆಯ ಮಕ್ಕಳೂ ಕೈಹಾಕುತ್ತಾರೆ. ಆ ಸಿಂಪಿಯನ್ನು ಮಾತ್ರ ಯಾರೂ ತಿನ್ನುವಂತಿಲ್ಲ, ನೀರು ಇನ್ನೂ ಅಷ್ಟು ಶುದ್ಧವಾಗಿಲ್ಲ! ಅಷ್ಟು ದೂರವೇಕೆ? ಕೇರಳದ ಅಷ್ಟಮುಡಿ ಹಿನ್ನೀರಿನಲ್ಲಿ ಚಿಪ್ಪಿನ ಇಳುವರಿ ಕುಸಿದಾಗ, ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹಿಡಿಯಬಾರದು, ಬಲೆಯ ಕಣ್ಣು ತೀರ ಸಣ್ಣದಿರಬಾರದು ಎಂಬ ಕಟ್ಟುಪಾಡು ಬಂತು. ಹಿಡಿಯುವವರೇ ಅದಕ್ಕೆ ಒಪ್ಪಿ ನಡೆದುದರಿಂದ ಅದು ಕಾಗದದಲ್ಲಿಯೇ ಉಳಿಯಲಿಲ್ಲ. 2014ರಲ್ಲಿ ಆ ಮೀನುಗಾರಿಕೆಗೆ ಮೆರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲಿನ ಪ್ರಮಾಣಪತ್ರ ದೊರೆಯಿತು. ಭಾರತಕ್ಕೆ ಅದೇ ಮೊದಲನೆಯದು.

ಇದನ್ನೆಲ್ಲ ಓದುವಾಗ ನನ್ನ ಮನಸ್ಸು ಅಳಿವೆಯನ್ನು ಬಿಟ್ಟು ನಮ್ಮ ಕೆರೆಗೇ ಓಡುತ್ತಿತ್ತು. ನನ್ನ ತಾತ ನೀರುಗಂಟಿ. ತೂಬು ಎತ್ತುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂದು ಹಂಚುವುದು, ಮಳೆಯ ರಾತ್ರಿ ಕಂದೀಲು ಹಿಡಿದು ಏರಿಯ ಮೇಲೆ ನಡೆಯುವುದು ಅವರ ಕೆಲಸ. ಸುಗ್ಗಿಯಲ್ಲಿ ಕಣದ ರಾಗಿ ಅವರ ಕೂಲಿ. ಬೇಸಿಗೆಯಲ್ಲಿ ಊರವರೇ ಗಾಡಿ ಕಟ್ಟಿ ಗೋಡು ತೆಗೆದು ಹೊಲಕ್ಕೂ ಹಿಪ್ಪುನೇರಳೆ ತೋಟಕ್ಕೂ ಹೊಡೆಯುತ್ತಿದ್ದರು. ಕೊಳವೆಬಾವಿ ಬಂದ ಮೇಲೆ ತೂಬು ಯಾರಿಗೂ ಬೇಡವಾಯಿತು. ತಾತನ ತರುವಾಯ ಆ ಕೆಲಸಕ್ಕೆ ಯಾರೂ ಇಲ್ಲ. ಕೆರೆ ಬತ್ತಿತು. ಬತ್ತಿದ ಕೆರೆಯಲ್ಲಿ ಮೀನಿಲ್ಲ. ಮೀನಿಲ್ಲದೆ ಕಪ್ಪೆಚಿಪ್ಪೂ ಇಲ್ಲ. ಸಿಹಿನೀರಿನ ಚಿಪ್ಪಿನ ಮರಿ ಮೀನಿನ ಕಿವಿರಿಗೆ ಅಂಟಿಕೊಂಡು ಕೆಲಕಾಲ ಬೆಳೆದು, ಅನಂತರ ಕೆಸರಿಗೆ ಬೀಳುತ್ತದೆಯೆಂದು ನಾನು ತಿಳಿದದ್ದು ತೀರ ಇತ್ತೀಚೆಗೆ.

ಕೆರೆಗಳನ್ನು ಉಳಿಸುವ ಯತ್ನವೇ ನಡೆದಿಲ್ಲವೆಂದಲ್ಲ. ಅವಿಭಜಿತ ಕೋಲಾರವೂ ಸೇರಿದಂತೆ ಹಲವು ಜಿಲ್ಲೆಗಳಲ್ಲಿ 2002ರಿಂದ ವಿಶ್ವಬ್ಯಾಂಕಿನ ನೆರವಿನ ಜಲಸಂವರ್ಧನೆಯ ಯೋಜನೆ ನಡೆಯಿತು; ಅದರಲ್ಲಿ ಕೆರೆ ಬಳಕೆದಾರರ ಸಂಘಗಳನ್ನೇ ಕಟ್ಟಿದ್ದರು. ಆ ಬಳಿಕ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ಕೊಳಚೆನೀರನ್ನು ಪೈಪುಗಳಲ್ಲಿ ನಮ್ಮ ಕಡೆಗೆ ಹರಿಸಿದರು. ಚಿಕ್ಕಬಳ್ಳಾಪುರದ ಕಂದವಾರ ಕೆರೆ ಅದರಿಂದ ತುಂಬಿತು. ಎರಡನೆಯ ಹಂತದವರೆಗೆ ಮಾತ್ರ ಶುದ್ಧಿಮಾಡಿದ ನೀರು ಸಾಕೆ ಎಂಬ ವಾದ ಇನ್ನೂ ಮುಗಿದಿಲ್ಲ. ಬತ್ತಿದ ಬಾವಿಯ ರೈತನಿಗೆ ಆ ನೀರು ಬೇಡವೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ನೀರು ತುಂಬಿದ ಮಾತ್ರಕ್ಕೆ ಕೆರೆ ಬಂದಂತಾಯಿತೆ? ನಮ್ಮೂರಿನಲ್ಲಿ ಹೂಳು ತೆಗೆಯಲು ಯಂತ್ರ ಬಂತು, ಗೋಡು ಲಾರಿಗಳಲ್ಲಿ ಇಟ್ಟಿಗೆಗೂಡಿಗೆ ಹೋಯಿತು. ಊರವರನ್ನು ಕರೆದದ್ದು ಒಂದೇ ದಿನ, ಬುಟ್ಟಿ ಹೊತ್ತು ಫೋಟೋಕ್ಕೆ ನಿಲ್ಲಲು.

ಇದನ್ನು ಚರ್ಚಾಕೂಟದಲ್ಲಿ ಹೇಳಿದಾಗ ಸ್ನೇಹಿತನೊಬ್ಬ, ಕೆರೆಯನ್ನು ಕೆಡಿಸಿದವರೂ ಆ ಊರವರೇ ಅಲ್ಲವೇ ಎಂದ. ನಿಜ. ಕಾಲುವೆಯನ್ನು ಒತ್ತಿ ಹೊಲ ಮಾಡಿದವರು ನಮ್ಮವರೇ, ನಮ್ಮ ಮನೆಯ ಕೊಳವೆಬಾವಿಯೂ ಆ ಪಾಪದಲ್ಲಿ ಪಾಲುದಾರ. ಆದರೆ ಕೆರೆ ತನ್ನದಲ್ಲವೆಂದು ಅನ್ನಿಸಿದ ಮೇಲೆ ತಾನೆ ಮನುಷ್ಯ ಕಾಲುವೆಯನ್ನು ಒತ್ತುವುದು? ಅಘನಾಶಿನಿಯ ಆಕೆ ಸಣ್ಣ ಚಿಪ್ಪನ್ನು ಬಿಟ್ಟದ್ದು ಯಾವ ಶಾಸನಕ್ಕೂ ಅಂಜಿ ಅಲ್ಲ. ಮತ್ತೆ ಅಲ್ಲಿಗೇ ಬರುತ್ತೇನೆಂಬ ಭರವಸೆ ಆಕೆಗಿತ್ತು. ಸಿಂಪಿಯ ಹಾಸಾಗಲಿ ಕೆರೆಯಾಗಲಿ, ಅದರಿಂದ ಉಣ್ಣುವವರಿಗೆ ಬುಟ್ಟಿಯೊಡನೆ ಅಧಿಕಾರವನ್ನೂ ಕೊಡಬೇಕು. ಗೋಡು ಎಲ್ಲಿಗೆ ಹೋಗಬೇಕು, ಮೀನು ಯಾರಿಗೆ, ನೀರನ್ನು ಯಾರು ಪರೀಕ್ಷಿಸಬೇಕು ಎಂಬ ತೀರ್ಮಾನದಲ್ಲಿ ಅವರಿರಬೇಕು. ನೀರುಗಂಟಿಗೆ ಮತ್ತೆ ಸಂಬಳ ಬೇಕು. ಪುಕ್ಕಟೆ ಕಾಯುವವರು ಈ ಕಾಲದಲ್ಲಿ ಸಿಕ್ಕರು.

ನಮ್ಮ ಮನೆಯಲ್ಲಿ ಪದವಿಯ ತರಗತಿಗೆ ಬಂದವನು ನಾನೇ ಮೊದಲು. ನೀರುಗಂಟಿಯ ಕೆಲಸ ನನಗೆ ಬರುವುದಿಲ್ಲ, ಕಲಿಸುವ ತಾತ ಈಗಿಲ್ಲ. ಪರೀಕ್ಷೆ ಮುಗಿದ ಮೇಲೆ ನಮ್ಮೂರ ಗ್ರಾಮಸಭೆಗೆ ಹೋಗಬೇಕೆಂದಿದ್ದೇನೆ. ತೂಬಿನ ಬೀಗದ ಕೈ ಈಗ ಯಾರ ಬಳಿಯಿದೆಯೆಂದು ಮೊದಲು ಕೇಳಬೇಕು.